ಗೆದ್ದರೂ ಗೊಣಗುವ ಗ್ಯಾಲರಿ

ಫುಟ್‌ಬಾಲ್ ಮ್ಯಾನೇಜರ್ 2023 ಅನ್ನುವ, ಕ್ಲಬ್ಬಿನ ಮ್ಯಾನೇಜರ್ ಆಗಿ ತಂಡ ನಡೆಸುವ ಕಂಪ್ಯೂಟರ್ ಆಟದಲ್ಲಿ ಅಭಿಮಾನಿಗಳ ವಿಶ್ವಾಸ ಅಂತ ಹೊಸ ಲೆಕ್ಕವೊಂದು ಸೇರಿತು. ಅದಕ್ಕೆ ಮೊದಲು ಕ್ಲಬ್ಬಿನ ಆಡಳಿತ ಮಂಡಳಿಯನ್ನು ಸಂಭಾಳಿಸಿಕೊಂಡರೆ ಕುರ್ಚಿ ಭದ್ರ. ಈಗ ಗ್ಯಾಲರಿಯ ಮುಖವನ್ನೂ ನೋಡಬೇಕು. ಅವರಲ್ಲೇ ಆರು ಗುಂಪು: ಹಾರ್ಡ್‌ಕೋರ್ (ಕಟ್ಟಾ ಅಭಿಮಾನಿಗಳು), ಕೋರ್, ಫ್ಯಾಮಿಲಿ, ಫೇರ್ ವೆದರ್ (ಗೆದ್ದಾಗ ಮಾತ್ರ ಜೊತೆಗಿರುವವರು), ಕ್ಯಾಶುಯಲ್, ಕಾರ್ಪೊರೇಟ್. ಯಾರ ಮಾತು ಎಷ್ಟು ನಡೆಯುತ್ತದೆ ಅನ್ನುವುದು ಕ್ಲಬ್ಬಿನಿಂದ ಕ್ಲಬ್ಬಿಗೆ ಬೇರೆ.

ನಾನು ಆಡುವುದು ಮಳೆಗಾಲದಲ್ಲೇ ಜಾಸ್ತಿ. ತೀರ್ಥಹಳ್ಳಿ ಕಡೆ ಜುಲೈಯಲ್ಲಿ ಮಳೆ ಹೊಳವಾದರೆ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಸುವುದು, ಹೊಳವಾಗದಿದ್ದರೆ ಲ್ಯಾಪ್‌ಟಾಪ್ ತೆರೆಯುವುದು. (ನನ್ನ ಹಾಗೆ ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಇಟ್ಟುಕೊಂಡವರು ಆಟೋಸೇವ್ ವಾರಕ್ಕೊಮ್ಮೆ ಇಡಿ. ಕರೆಂಟು ಹೇಳಿಕೇಳಿ ಹೋಗುವುದಿಲ್ಲ.)

ಇಂಗ್ಲೆಂಡಿನ ನಾಲ್ಕನೇ ದರ್ಜೆಯ ಲೀಗ್ ಟೂನಲ್ಲಿ ಒಂದು ಬಡ ಕ್ಲಬ್ ಹಿಡಿದಿದ್ದೆ. 24 ತಂಡ, 46 ಪಂದ್ಯ, ಮೊದಲ ಮೂರಕ್ಕೆ ನೇರ ಬಡ್ತಿ. ಜನವರಿಗೆ ನಾವು ಎರಡನೇ ಸ್ಥಾನದಲ್ಲಿದ್ದೆವು, ಆದರೂ ಅಭಿಮಾನಿಗಳ ಮೆಚ್ಚುಗೆ ಇಳಿಯುತ್ತಲೇ ಹೋಯಿತು. ಕಾರಣ, ಸ್ಟ್ರೈಕರ್ ಮಾರಿದ್ದು. ಅವನ ಒಪ್ಪಂದ ಜೂನ್‌ಗೆ ಮುಗಿಯುತ್ತಿತ್ತು. ಹೊಸದಕ್ಕೆ ಅವನು ಕೇಳಿದ ಸಂಬಳದಲ್ಲಿ ನಮ್ಮ ಡಿಫೆನ್ಸ್ ಪೂರ್ತಿ ಸಾಕಬಹುದಿತ್ತು. 1995ರ ಬೋಸ್ಮನ್ ತೀರ್ಪಿನ ಮೇಲೆ ಯುರೋಪಿನಲ್ಲಿ ಒಪ್ಪಂದ ಮುಗಿದ ಆಟಗಾರ ಕ್ಲಬ್ಬಿಗೆ ಬಿಡಿಗಾಸು ಬಾರದಂತೆ ಎದ್ದು ಹೋಗಬಹುದು. ಆಟದಲ್ಲೂ ಹಾಗೇ. ಜನವರಿಯಲ್ಲಿ ಮಾರದಿದ್ದರೆ ಬೇಸಿಗೆಗೆ ನಮ್ಮ ಕೈಗೆ ಚೊಂಬು.

ಇದನ್ನು ಗ್ಯಾಲರಿಗೆ ತಿಳಿಸಿ ಹೇಳುವ ದಾರಿ ಇಲ್ಲ ಅನ್ನುವುದೇ ನನ್ನ ತಕರಾರು. ಪತ್ರಿಕಾಗೋಷ್ಠಿಯಲ್ಲಿ ಇರುವುದು ಸಿದ್ಧ ಉತ್ತರಗಳು, ಅದರಲ್ಲಿ ಸಂಬಳದ ಮಾತು ಬರುವುದಿಲ್ಲ. ಪಕ್ಕದಲ್ಲಿ ಕೂತಿದ್ದ ಚಿಕ್ಕಪ್ಪನ ಮಗನೂ ಕೇಳಿದ: "ಎಂತಕ್ಕೆ ಮಾರಿದ್ದು ಅಣ್ಣ? ಗೋಲು ಹೊಡೀತಿದ್ದವ ಅವನೊಬ್ಬನೇ ಅಲ್ದಾ?" ಸಂಬಳದ ಪುಟ ತೆರೆದು ತೋರಿಸಿದೆ, ಒಪ್ಪಿದ. ಹಾರ್ಡ್‌ಕೋರ್‌ನವರಿಗೆ ಹಾಗೆ ತೋರಿಸಲು ಬರುವುದಿಲ್ಲವಲ್ಲ! ಮದುವೆಗೆ ಬಂದ ಬೀಗರ ಹಾಗೆ, ಇವರಿಗೆ ಉಂಡಿದ್ದು ಮರೆತುಹೋಗುತ್ತದೆ, ಹಪ್ಪಳ ಸಿಗದಿದ್ದದ್ದು ನೆನಪಿರುತ್ತದೆ. ಆಮೇಲೆ ಸಾಲು ಪಂದ್ಯ ಗೆದ್ದರೂ ಆ ಮಾರಾಟದ ಸಿಟ್ಟು ಪುಟದಿಂದ ಅಳಿಯಲಿಲ್ಲ.

ಕೊನೆಗೆ ಕೆಲಸಕ್ಕೆ ಬಂದದ್ದು ಡರ್ಬಿ, ಅಂದರೆ ಪಕ್ಕದೂರಿನ ಕ್ಲಬ್ಬಿನ ಜೊತೆಗಿನ ಪಂದ್ಯ. 1-0 ಮುಂದಿದ್ದರೆ 70ನೇ ನಿಮಿಷಕ್ಕೆ ಡಿಫೆನ್ಸಿವ್‌ಗೆ ತಿರುಗಿಸಿ ಕಾಲ ತಳ್ಳುವವನು ನಾನು. ನನ್ನ ಕ್ಲಬ್ಬಿನ ವಿಷನ್‌ನಲ್ಲಿ (ಮ್ಯಾನೇಜರಿನಿಂದ ಕ್ಲಬ್ ಬಯಸುವುದರ ಪಟ್ಟಿ) ಆಕ್ರಮಣಕಾರಿ ಆಟ ಬೇಕು ಅಂತ ಬರೆದಿತ್ತು, ಹಾಗಾಗಿ ಈ ಸಲ ಮುಟ್ಟಲಿಲ್ಲ. ಎರಡು ಗೋಲು ಬಿಟ್ಟುಕೊಟ್ಟೆವು. ಅಕಾಡೆಮಿಯಿಂದ ಮೇಲೆ ತಂದಿದ್ದ ಹುಡುಗ ಕಾರ್ನರಿಗೆ ತಲೆ ಕೊಟ್ಟು 3-2 ಮಾಡಿದ. ಮೆಚ್ಚುಗೆ ಏರಿತು. ಡಿಫೆನ್ಸ್ ನೋಡಿದ ನನಗೆ ಮಾತ್ರ ಎದೆ ನಡುಗುತ್ತಿತ್ತು.

ಈಗ ಡರ್ಬಿಗೆ ಮುಂಚಿನ ಕಪ್ ಪಂದ್ಯಕ್ಕೆ ಎರಡನೇ ತಂಡ ಇಳಿಸುತ್ತೇನೆ. ಮಾರುವುದಿದ್ದರೆ ಬದಲಿಯವನ ಸಹಿ ಮೊದಲೇ ಆಗಿರಬೇಕು. ಪಕ್ಕದೂರಿನ ಕ್ಲಬ್ ಎಷ್ಟೇ ಕೊಟ್ಟರೂ ಅವರಿಗೆ ಮಾರುವುದಿಲ್ಲ. ಹೊಸ ಕೆಲಸಕ್ಕೆ ಅರ್ಜಿ ಹಾಕುವ ಮುಂಚೆ ಬ್ಯಾಂಕಿನ ಲೆಕ್ಕಕ್ಕಿಂತ ಮೊದಲು ಅಭಿಮಾನಿಗಳ ಪುಟ ತೆರೆಯುತ್ತೇನೆ. ಫೇರ್ ವೆದರ್‌ನವರ ದನಿ ಜೋರಾಗಿದ್ದರೆ ಆ ಕ್ಲಬ್ಬಿನ ತಂಟೆಗೇ ಹೋಗುವುದಿಲ್ಲ.