ಗಾಳಿಗೆ ದಾರಿ ಬಿಟ್ಟು ಹೋಸ್ ಹಾಕುವುದು

ಗಾಡಿಯ ಎಂಜಿನ್ ತಣಿಸುವ ನೀರಿನ ಹೋಸುಗಳನ್ನು ಬದಲಿಸಲು ಹೊರಟಾಗ, ಬಾನೆಟ್ ತೆರೆದ ಕೂಡಲೇ ಸ್ಪ್ಯಾನರ್‌ಗೆ ಕೈಹಾಕಬೇಡಿ. ಎಂಜಿನ್ ಪೂರ್ತಿ ತಣ್ಣಗಿರುವಾಗ ವಾಟರ್ ಪಂಪಿನ ಮೇಲೆ ಬೆರಳಿಟ್ಟು, ನೀರು ಹರಿಯುವ ದಾರಿಯಲ್ಲೇ ಸಾಗಿ ಮತ್ತೆ ಪಂಪಿಗೆ ಬನ್ನಿ. ಪಂಪು ನೀರನ್ನು (ಅಂದರೆ ಕೂಲಂಟನ್ನು, ಎಂಜಿನ್ ತಣಿಸುವ ದ್ರವವನ್ನು) ಎಂಜಿನ್ನಿನ ಮೈಯಾದ ಬ್ಲಾಕಿಗೆ ತಳ್ಳುತ್ತದೆ. ಅದು ಬ್ಲಾಕಿನ ಮೇಲಿರುವ ಹೆಡ್ಡಿಗೆ ಏರಿ, ಬಿಸಿಯಾದಾಗ ತೆರೆದುಕೊಳ್ಳುವ ಕವಾಟವಾದ ಥರ್ಮೋಸ್ಟಾಟ್ ದಾಟಿ, ಮೇಲಿನ ಹೋಸಿನಲ್ಲಿ ರೇಡಿಯೇಟರಿಗೆ ಹೋಗುತ್ತದೆ. ಅಲ್ಲಿ ಬಿಸಿ ಕಳೆದುಕೊಂಡು ಕೆಳಗಿನ ಹೋಸಿನಿಂದ ಪಂಪಿನ ಬಾಯಿಗೆ ಮರಳುತ್ತದೆ. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಪಂಪಿನ ಬಾಯಿಯ ಹತ್ತಿರವೇ ಕೂತಿರುತ್ತದೆ. ಆದ್ದರಿಂದ ಊಹೆ ಬೇಡ, ಬೆರಳು ಹೇಳಿದ್ದನ್ನು ನಂಬಿ.

ಬಿಚ್ಚುವ ಮೊದಲು ನಾನು ಪ್ರತಿ ಹೋಸಿಗೂ ಒಂದು ತುಂಡು ಟೇಪ್ ಸುತ್ತಿ ಒಂದೇ ಅಕ್ಷರ ಬರೆಯುತ್ತೇನೆ: ತಳ್ಳುವ ಕಡೆಗೆ ‘ತ’, ಹೀರುವ ಕಡೆಗೆ ‘ಹೀ’. ಫೋಟೋ ತೆಗೆದುಕೊಳ್ಳುವವರು ತೆಗೆದುಕೊಳ್ಳಲಿ, ತಪ್ಪಿಲ್ಲ. ಆದರೆ ಯಾವ ಹೋಸ್ ಎಲ್ಲಿತ್ತು ಎಂಬುದನ್ನಷ್ಟೇ ಫೋಟೋ ತೋರಿಸುತ್ತದೆ. ಒಳಗೆ ಏನು ನಡೆಯುತ್ತದೆ ಎಂಬುದನ್ನು ಅಲ್ಲ. ಕೆಳಗಿನ ಹೋಸ್ ‘ಹೀ’. ಅದಕ್ಕೆ ತೆಳು ಗೋಡೆಯ ಹೋಸ್ ಹಾಕಿದರೆ ಎಂಜಿನ್ ನಿಧಾನವಾಗಿ ಓಡುವಾಗ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ವೇಗ ಏರಿಸಿದಾಗ ಪಂಪಿನ ಎಳೆತಕ್ಕೆ ಹೋಸ್ ಚಪ್ಪಟೆಯಾಗಿ, ನೀರಿನ ದಾರಿಯೇ ಮುಚ್ಚಿಹೋಗುತ್ತದೆ. ಹಳೆಯ ಹೋಸಿನೊಳಗೆ ಸ್ಪ್ರಿಂಗ್ ಸುರುಳಿ ಇದ್ದರೆ ಅದನ್ನು ಕಸವೆಂದು ಎಸೆಯಬೇಡಿ. ನಾನೊಮ್ಮೆ ಎಸೆದಿದ್ದೇನೆ. ಈಗಿನ ಗಟ್ಟಿ ಹೆಣಿಗೆಯ ಹೋಸುಗಳಿಗೆ ಅದು ಬೇಕಾಗದೆ ಇರಬಹುದು. ಹಾಕಿದ ಮೇಲೆ ಎಂಜಿನ್ ಬಿಸಿಯಾದಾಗ ವೇಗ ಏರಿಸಿ, ಹೋಸನ್ನು ಕಣ್ಣಿಟ್ಟು ನೋಡಿ.

ಗಾಡಿಯ ಒಳಗನ್ನು ಬೆಚ್ಚಗಿಡುವ ಹೀಟರಿನ ಎರಡು ಹೋಸುಗಳಲ್ಲಿ ಒಂದು ತಳ್ಳುವ ಕಡೆಯಿಂದ, ಸಾಮಾನ್ಯವಾಗಿ ಹೆಡ್ಡಿನಿಂದ, ಹೊರಡಬೇಕು. ಇನ್ನೊಂದು ಹೀರುವ ಕಡೆಗೆ ಮರಳಬೇಕು. ಎರಡನ್ನೂ ಒಂದೇ ಕಡೆಗೆ ಸೇರಿಸಿದರೆ ನೀರಿಗೆ ಹರಿಯಲು ಕಾರಣವೇ ಇರುವುದಿಲ್ಲ.

ಇಷ್ಟು ಗೊತ್ತಿದ್ದೂ ನಾನು ಎಡವಿದ್ದು ಗಾಳಿಯ ವಿಷಯದಲ್ಲಿ. ನಾಲ್ಕು ಸಿಲಿಂಡರಿನ ಒಂದು ಡೀಸೆಲ್ ಎಂಜಿನ್. ಹೀಟರಿನ ಹೋಸ್ ಪಕ್ಕದ ಕೊಳವೆಗೆ ಉಜ್ಜುತ್ತಿತ್ತು. ಉಜ್ಜದಿರಲೆಂದು ಅದನ್ನು ಕೊಳವೆಯ ಮೇಲಿನಿಂದ ಕಮಾನಿನಂತೆ ಹಾಯಿಸಿ, ಅಂದವಾಗಿ ಕಟ್ಟಿ, ನನ್ನ ಕೆಲಸಕ್ಕೆ ನಾನೇ ಬೀಗಿದೆ. ಗಾಡಿ ಓಡಿಸಿದರೆ ಶಾಖದ ಮುಳ್ಳು ಏರುತ್ತಿದೆ, ಹೀಟರಿನಿಂದ ಬರುತ್ತಿರುವುದು ತಣ್ಣನೆಯ ಗಾಳಿ. ಥರ್ಮೋಸ್ಟಾಟನ್ನು ಎರಡು ಸಲ ಬದಲಿಸಿದೆ. ಮೂರನೆಯ ದಿನ ಸುಮ್ಮನೆ ಆ ಹೋಸಿನ ಮೇಲೆ ಕೈಯಾಡಿಸಿದಾಗ ಕಮಾನಿನ ಈಚೆ ಬಿಸಿ, ಆಚೆ ತಣ್ಣಗೆ. ನೆತ್ತಿಯಲ್ಲಿ ಗಾಳಿ ಕೂತು ನೀರನ್ನು ತಡೆದಿತ್ತು. ಹೋಸನ್ನು ಕೊಳವೆಯ ಕೆಳಗಿನಿಂದ ತಂದು, ಉಜ್ಜುವಲ್ಲಿ ಇನ್ನೊಂದು ರಬ್ಬರ್ ತುಂಡು ಸುತ್ತಿದೆ. ಮುಳ್ಳು ತನ್ನ ಜಾಗಕ್ಕೆ ಇಳಿಯಿತು.

ಅಂದಿನಿಂದ ಹೋಸಿನ ದಾರಿ ಗುರುತಿಸುವಾಗ ನಾನು ಮೊದಲು ಕೇಳಿಕೊಳ್ಳುವುದು ಗಾಳಿ ಎಲ್ಲಿಗೆ ಹೋಗುತ್ತದೆ ಎಂದು. ಹೋಸ್ ಸಿಕ್ಕಿಸುವ ಎರಡು ಮೂತಿಗಳ ನಡುವೆ ಅದು ಏರುತ್ತಲೇ ಇರಬೇಕು, ಇಲ್ಲವೇ ಇಳಿಯುತ್ತಲೇ ಇರಬೇಕು. ಗೂನು ತಪ್ಪಿಸಲಾಗದಿದ್ದರೆ ಅದರ ನೆತ್ತಿಗೆ ಗಾಳಿ ಬಿಡುವ ಸ್ಕ್ರೂ ಬೇಕು. ಬಿಸಿಗೆ ಹಿಗ್ಗಿದ ನೀರಿಗೆ ಜಾಗ ಕೊಡುವ, ಒತ್ತಡದಲ್ಲಿರುವ ಎಕ್ಸ್‌ಪ್ಯಾನ್ಷನ್ ಟ್ಯಾಂಕ್ ಇಡೀ ವ್ಯವಸ್ಥೆಯಲ್ಲೇ ಎತ್ತರದಲ್ಲಿರಲಿ. ರೇಡಿಯೇಟರಿನ ನೆತ್ತಿಯಿಂದ ಅದಕ್ಕೆ ಹೋಗುವ ಸಣ್ಣ ಹೋಸ್ ಎಲ್ಲೂ ಜೋಲದೆ ಏರಲಿ. ಟ್ಯಾಂಕಿನ ತಳದಿಂದ ಹೊರಡುವ ದಪ್ಪ ಹೋಸ್ ಪಂಪಿನ ಹೀರುವ ಕಡೆಗೆ ಇಳಿಯಲಿ.

ನೇರ ಹೋಸನ್ನು ಬಗ್ಗಿಸಿ ತಿರುವಿಗೆ ಹೊಂದಿಸಲು ಹೋದರೆ ಅದು ಒಳಮಡಚುತ್ತದೆ. ಅಚ್ಚಿನಲ್ಲೇ ಬಾಗಿಸಿ ಮಾಡಿದ್ದನ್ನೇ ಹಾಕಿ. ಎಕ್ಸಾಸ್ಟ್ ಮತ್ತು ಫ್ಯಾನ್ ಬೆಲ್ಟಿನಿಂದ ದೂರವಿರಲಿ. ರೇಡಿಯೇಟರ್ ಅಲ್ಲಾಡುವುದಿಲ್ಲ, ಎಂಜಿನ್ ತೊನೆಯುತ್ತದೆ. ಹಾಗಾಗಿ ನಡುವಿನ ಹೋಸಿಗೆ ತುಸು ಸಡಿಲ ಬಿಡಬೇಕು. ಎಲ್ಲಿ ತಗಲುತ್ತದೆ ಎಂದು ತಿಳಿಯಲು ನನ್ನದೊಂದು ಉಪಾಯವಿದೆ: ಅನುಮಾನ ಬಂದ ಕಡೆಯ ಲೋಹಕ್ಕೆ ಸೀಮೆಸುಣ್ಣ ಬಳಿದು ಒಂದು ಸುತ್ತು ಓಡಿಸಿ ಬರುತ್ತೇನೆ. ಹೋಸಿನ ಮೈಮೇಲೆ ಬಿಳಿ ಮೆತ್ತಿದ್ದರೆ ಉತ್ತರ ಸಿಕ್ಕಂತೆ.

ಅಂಟಿಕೊಂಡ ಹಳೆಯ ಹೋಸನ್ನು ಮೀಟಿ ಎಬ್ಬಿಸಬೇಡಿ, ರೇಡಿಯೇಟರಿನ ಪ್ಲಾಸ್ಟಿಕ್ ಮೂತಿ ಮುರಿದರೆ ಕೆಲಸ ದೊಡ್ಡದಾಗುತ್ತದೆ. ಮೂತಿಗೆ ಗೀರಾಗದಂತೆ ಉದ್ದಕ್ಕೆ ಸೀಳಿ ಸುಲಿದು ತೆಗೆಯಿರಿ. ಸೀಳಿದ್ದನ್ನು ಎಸೆಯುವ ಮೊದಲು ಬಿಡಿಸಿ ಬೆಳಕಿಗೆ ಹಿಡಿಯಿರಿ. ಹೊರಗೆ ಕಪ್ಪಗೆ ಮಿರುಗುವ ಹೋಸ್ ಒಳಗೆ, ಕ್ಲಿಪ್ ಕೂತಿದ್ದ ತುದಿಯ ಬಳಿ, ಕೂದಲೆಳೆಯಂಥ ಉದ್ದುದ್ದ ಬಿರುಕುಗಳನ್ನು ತೋರಿಸುವುದುಂಟು. ಲೋಹ, ಕೂಲಂಟ್ ಮತ್ತು ರಬ್ಬರ್ ಸೇರಿ ಬ್ಯಾಟರಿಯಂತೆ ವರ್ತಿಸಿ ಹೋಸನ್ನು ಒಳಗಿನಿಂದಲೇ ತಿನ್ನುತ್ತವೆ. ಉಳಿದ ಹೋಸುಗಳನ್ನು ನಡುವೆ ಒತ್ತಿ ನೋಡಿದರೆ ಇದು ಸಿಕ್ಕುವುದಿಲ್ಲ. ಕ್ಲಿಪ್ಪಿನಿಂದ 5 ಸೆಂ.ಮೀ. ದೂರದವರೆಗಿನ ಭಾಗವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಸುಕಿ; ನಡುವಿಗಿಂತ ತುದಿ ಮೆತ್ತಗಿದ್ದರೆ ಅದನ್ನೂ ಬದಲಿಸಿ.

ಹೊಸದನ್ನು ಏರಿಸುವಾಗ ಗ್ರೀಸ್, ಎಣ್ಣೆ ಮುಟ್ಟಿಸಬೇಡಿ, ಈ ರಬ್ಬರ್ ಎಣ್ಣೆಗೆ ಉಬ್ಬಿ ಹಾಳಾಗುತ್ತದೆ. ಒಂದಿಷ್ಟು ಕೂಲಂಟ್ ಸವರಿದರೆ ಸಾಕು. ಮೂತಿಯ ತುದಿಯಲ್ಲಿರುವ ಉಬ್ಬು ದಾಟುವಂತೆ ತಳ್ಳಿ, ಕ್ಲಿಪ್ಪನ್ನು ಉಬ್ಬಿನ ಆಚೆ, ಹೋಸಿನ ಅಂಚಿನಿಂದ 3–5 ಮಿ.ಮೀ. ಒಳಗೆ ಕೂರಿಸಿ. ಉಬ್ಬಿನ ಮೇಲೆಯೇ ಬಿಗಿದರೆ ಹೋಸ್ ಕತ್ತರಿಸುತ್ತದೆ. ಕ್ಲಿಪ್ಪಿನ ಸ್ಕ್ರೂ ತಲೆ ಮುಂದೆಯೂ ಸ್ಕ್ರೂಡ್ರೈವರಿಗೆ ಎಟುಕುವ ಕಡೆಗೆ ತಿರುಗಿರಲಿ. ಮುಂದಿನ ಸಲ ಬಿಚ್ಚುವವರು ನೀವೇ ಆಗಿರುತ್ತೀರಿ.

ಹೀಟರಿನ ಗುಂಡಿಯನ್ನು ಪೂರ್ತಿ ಬಿಸಿಗೆ ತಿರುಗಿಸಿ, ಗಾಳಿಯ ಸ್ಕ್ರೂ ತೆರೆದು, ಕೂಲಂಟನ್ನು ನಿಧಾನವಾಗಿ ತುಂಬಿ. ಗುಳ್ಳೆ ನಿಂತು ಕೂಲಂಟ್ ಮಾತ್ರ ಬರತೊಡಗಿದಾಗ ಸ್ಕ್ರೂ ಮುಚ್ಚಿ. ನಂತರ ಮುಚ್ಚಳ ಹಾಕಿ, ಮೇಲಿನ ಹೋಸ್ ಬಿಸಿಯಾಗುವವರೆಗೆ ಓಡಿಸಿ. ಬಿಸಿಯಿರುವಾಗ ಮುಚ್ಚಳ ತೆರೆಯಲೇಬಾರದು: ವಾತಾವರಣಕ್ಕಿಂತ 1 ಬಾರ್ ಹೆಚ್ಚಿನ ಒತ್ತಡದಲ್ಲಿ ನೀರು ಕುದಿಯುವುದು ಸುಮಾರು 120 ಡಿಗ್ರಿಗೆ, ಒತ್ತಡ ಬಿಟ್ಟೊಡನೆ ಅದು ಮುಖಕ್ಕೇ ಚಿಮ್ಮುತ್ತದೆ.

ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಮಟ್ಟ ನೋಡಿ, ಸ್ಕ್ರೂ ಕ್ಲಿಪ್ಪುಗಳನ್ನು ಇನ್ನೊಮ್ಮೆ ಪರೀಕ್ಷಿಸಿ. ಮೇಲಿನ ಹೋಸ್ ರಾತ್ರಿಯೆಲ್ಲ ಯಾರೋ ತುಳಿದಂತೆ ಚಪ್ಪಟೆಯಾಗಿದ್ದರೆ ಹೊಸ ಹೋಸನ್ನು ಬೈಯಬೇಡಿ. ತಣಿಯುವಾಗ ಹೊರಗಿನಿಂದ ಗಾಳಿಯನ್ನು ಒಳಕ್ಕೆ ಬಿಡುವ ಸಣ್ಣ ಕವಾಟವೊಂದು ಮುಚ್ಚಳದಲ್ಲಿದೆ, ಅದು ಅಂಟಿಕೊಂಡಿದೆ. ಮುಚ್ಚಳ ಬದಲಿಸಿ.