‘ಜಮತ್ ನಾಹೀ’ (ನನಗಾಗುತ್ತಿಲ್ಲ) ಎನ್ನುವ ಮಗುವಿಗೆ ತನ್ನೊಡನೆ ತಾನೇ ಮಾತಾಡಲು ಕಲಿಸುವುದು ಹೇಗೆ?

ಮುಂಬಯಿಯ ಉಪನಗರವೊಂದರ ಕನ್ನಡ ಸಂಘದ ಕೋಣೆಯಲ್ಲಿ ಸಂಜೆಯ ಹೊತ್ತು ಗಣಿತ ಹೇಳಿಕೊಡುವ ನಾನು, ‘ನಾನು ಜಾಣ, ನನಗೆಲ್ಲ ಬರುತ್ತದೆ ಎಂದು ದಿನಾ ಹತ್ತು ಸಲ ಹೇಳಿಕೋ’ ಎಂದು ಮಕ್ಕಳಿಗೆ ಬುದ್ಧಿ ಹೇಳುವ ತಂದೆತಾಯಂದಿರನ್ನು ಬಹಳ ಕಂಡಿದ್ದೇನೆ. ಮೊದಲ ಲೆಕ್ಕ ತಪ್ಪಿದ ಕೂಡಲೇ ಆ ಮಾತಿನ ಮೇಲೆ ಮಗುವಿಗಿದ್ದ ನಂಬಿಕೆ ಹೋಗುತ್ತದೆ. ಆದ್ದರಿಂದ ತನಗೆ ತಾನೇ ಧೈರ್ಯ ಹೇಳಿಕೊಳ್ಳಲು ಮಗುವಿಗೆ ಕಲಿಸುವ ಈ ಕೆಲಸವನ್ನು ಬೇರೆ ಕ್ರಮದಲ್ಲಿ ಮಾಡಬೇಕು.

ಮೊದಲು ಸುಮ್ಮನೆ ಕೇಳಿಸಿಕೊಳ್ಳಿ. ಹಾಳೆ ತೂತಾಗುವವರೆಗೆ ರಬ್ಬರಿನಿಂದ ಉಜ್ಜುತ್ತಿದ್ದ ಹುಡುಗಿಯೊಬ್ಬಳು ತುಟಿಯೊಳಗೇ ‘ಮಲಾ ಜಮತ್ ನಾಹೀ’ ಎನ್ನುತ್ತಿದ್ದಳು. ಅವಳ ಮನೆಮಾತು ಕನ್ನಡವಾದರೂ ಹತಾಶೆ ಬರುತ್ತಿದ್ದುದು ಮರಾಠಿಯಲ್ಲಿ. ಮಗು ಯಾವ ಭಾಷೆಯಲ್ಲಿ ಸೋಲೊಪ್ಪುತ್ತದೆಯೋ ಅದೇ ಭಾಷೆಯಲ್ಲಿ ಉತ್ತರವೂ ಇರಲಿ.

ಎರಡನೆಯದು, ಮಗು ತನಗೆ ತಾನೇ ಹೇಳಿಕೊಳ್ಳಬೇಕಾದ ವಾಕ್ಯವನ್ನು ಕಟ್ಟುವುದು. ಹೆಚ್ಚಿನವರು ಎಡವುವುದು ಇಲ್ಲಿಯೇ. ಆ ವಾಕ್ಯ ನಿಜವಾಗಿರಬೇಕು, ಚಿಕ್ಕದಾಗಿರಬೇಕು, ಮುಂದೆ ಮಾಡಬೇಕಾದ ಕೆಲಸವನ್ನು ಹೇಳಬೇಕು. ಕೆನಡಾದ ಮನೋವಿಜ್ಞಾನಿ ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಬಗ್ಗೆ ಮೊದಲೇ ಕೀಳರಿಮೆಯಿದ್ದವರು ತಮ್ಮನ್ನು ತಾವೇ ಹೊಗಳಿಕೊಂಡಾಗ ಅವರ ಮನಸ್ಸು ಇನ್ನಷ್ಟು ಕುಗ್ಗಿದ್ದು ಕಂಡುಬಂತು. ನೆದರ್‌ಲ್ಯಾಂಡ್ಸ್‌ನ ಸ್ಯಾಂಡರ್ ಥೋಮಸ್ ಮತ್ತು ಸಂಗಡಿಗರು 9ರಿಂದ 13 ವರ್ಷದ 212 ಮಕ್ಕಳಿಗೆ ಗಣಿತದ ಪರೀಕ್ಷೆ ಕೊಟ್ಟು, ನಡುವೆ ಕೆಲವರಿಂದ ಪ್ರಯತ್ನದ ಮಾತನ್ನೂ ಕೆಲವರಿಂದ ಸಾಮರ್ಥ್ಯದ ಮಾತನ್ನೂ ಹೇಳಿಸಿದರು. ತಮಗೆ ಗಣಿತ ಬಾರದೆಂದುಕೊಂಡಿದ್ದ ಮಕ್ಕಳಿಗೆ ‘ನನ್ನ ಕೈಲಾದಷ್ಟು ಮಾಡುತ್ತೇನೆ’ ಎಂಬ ಮಾತಿನಿಂದ ಪ್ರಯೋಜನವಾಯಿತು. ‘ನಾನು ಇದರಲ್ಲಿ ಗಟ್ಟಿಗ’ ಎಂಬುದರಿಂದ ಆಗಲಿಲ್ಲ.

ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಆ ಮಾತನ್ನು ಲೆಕ್ಕಕ್ಕೇ ಕಟ್ಟಿಹಾಕುತ್ತೇನೆ. ಹತ್ತನೆಯ ತರಗತಿಯ ಬೀಜಗಣಿತದಲ್ಲಿ ಎರಡು ಸಮೀಕರಣಗಳನ್ನು ಬಿಡಿಸಲಾಗದೆ ಕುಳಿತ ಆ ಹುಡುಗಿಗೆ ನಾವಿಬ್ಬರೂ ಸೇರಿ ಆರಿಸಿದ ಮರಾಠಿ ವಾಕ್ಯದ ಅರ್ಥ, ‘ಇನ್ನೂ ಬಂದಿಲ್ಲ, ಮೊದಲು ವೈ ಮುಂದಿನ ಸಂಖ್ಯೆಗಳನ್ನು ಸಮ ಮಾಡುತ್ತೇನೆ’ ಎಂಬುದು. ಇದರ ಮೊದಲರ್ಧ ಇರುವ ಸ್ಥಿತಿಯನ್ನು ಒಪ್ಪಿಕೊಳ್ಳುತ್ತದೆ, ಉಳಿದರ್ಧ ಕೈಗೆ ಕೆಲಸ ಕೊಡುತ್ತದೆ. ವಾಕ್ಯವನ್ನು ಮಗುವೇ ಹೇಳಬೇಕು. ನೀವು ಬರೆದುಕೊಟ್ಟರೆ ಅದು ಬಾಯಿಪಾಠದ ಇನ್ನೊಂದು ಸಾಲಾಗುತ್ತದೆ. ಸ್ಟೇಷನರಿ ಅಂಗಡಿಗಳಲ್ಲಿ ಸಿಗುವ, ಹೊಗಳಿಕೆಯ ಸಾಲುಗಳನ್ನು ಅಚ್ಚುಹಾಕಿದ ಬಣ್ಣದ ಕಾರ್ಡುಗಳನ್ನೂ ಗೋಡೆಗೆ ಅಂಟಿಸುವ ಸ್ಟಿಕರುಗಳನ್ನೂ ದಯವಿಟ್ಟು ಕೊಳ್ಳಬೇಡಿ. ಯಾವ ಮಗುವಿಗೆ ಯಾವ ಲೆಕ್ಕದಲ್ಲಿ ತೊಡಕಾಗಿದೆ ಎಂಬುದು ಅವುಗಳಿಗೆ ತಿಳಿಯದು. ಒಂದೇ ವಾಕ್ಯವನ್ನು ನೂರು ಸಲ ಬರೆಸುವುದಂತೂ ಶಿಕ್ಷೆಯೇ ಸರಿ.

ಮೂರನೆಯದು ಅಭ್ಯಾಸ. ಮನೋವಿಜ್ಞಾನಿ ಡೊನಾಲ್ಡ್ ಮೈಕೆನ್‌ಬಾಮ್ ಮತ್ತು ಜೋಸೆಫ್ ಗುಡ್‌ಮನ್ 1971ರಲ್ಲಿ ತೋರಿಸಿಕೊಟ್ಟ ಕ್ರಮವನ್ನೇ ನಾನು ಅನುಸರಿಸುತ್ತೇನೆ: ಹಿರಿಯರು ಗಟ್ಟಿಯಾಗಿ ಹೇಳಿಕೊಳ್ಳುತ್ತ ಕೆಲಸ ಮಾಡಿ ತೋರಿಸುವುದು, ಅವರು ಹೇಳಿದಂತೆ ಮಗು ಮಾಡುವುದು, ಆಮೇಲೆ ಮಗು ತಾನೇ ಗಟ್ಟಿಯಾಗಿ, ಅನಂತರ ಪಿಸುದನಿಯಲ್ಲಿ, ಕೊನೆಗೆ ಮನಸ್ಸಿನಲ್ಲಿ ಹೇಳಿಕೊಂಡು ಮಾಡುವುದು. ಮೊದಲ ಮೆಟ್ಟಿಲನ್ನು ಹಾರಿಸಬೇಡಿ. ಬೀಜಗಣಿತ ಬಾರದ ತಾಯಿಯೂ ತಿಂಗಳ ದಿನಸಿಯ ಲೆಕ್ಕ ಕೂಡಿಸುತ್ತ, ‘ಮೊತ್ತ ತಾಳೆಯಾಗಲಿಲ್ಲ, ಮೇಲಿನಿಂದ ಮತ್ತೆ ನೋಡುತ್ತೇನೆ’ ಎಂದು ಮಗುವಿಗೆ ಕೇಳುವಂತೆ ಹೇಳಬಹುದು.

ಭಿನ್ನರಾಶಿಯೇ ತಿಳಿಯದ ಮಗುವಿಗೆ ಯಾವ ವಾಕ್ಯವೂ ಸಾಲದು. ಮೊದಲು ಭಿನ್ನರಾಶಿ ಕಲಿಸಿ. ಓದಿನ ಭಯದಿಂದ ನಿದ್ದೆಗೆಟ್ಟು ದಿನವೂ ಅಳುತ್ತಿದ್ದರೆ ಶಾಲೆಯ ಆಪ್ತಸಮಾಲೋಚಕರನ್ನೋ ವೈದ್ಯರನ್ನೋ ಕಾಣಿರಿ.

ಪರೀಕ್ಷೆಯ ಕೋಣೆಯಲ್ಲಿ ಪಿಸುಗುಟ್ಟುವಂತಿಲ್ಲವಾದ್ದರಿಂದ, ಎರಡು ತಿಂಗಳ ಮೊದಲೇ ಮೌನದ ಹಂತಕ್ಕೆ ಬನ್ನಿ. 40 ಅಂಕಗಳ ಹಳೆಯ ಬೀಜಗಣಿತ ಪ್ರಶ್ನೆಪತ್ರಿಕೆಯೊಂದನ್ನು ಕೊಟ್ಟು 2 ಗಂಟೆ ಕೂರಿಸಿ, ಸಿಕ್ಕಿಹಾಕಿಕೊಂಡಾಗಲೆಲ್ಲ ಪೆನ್ನು ಕೆಳಗಿಟ್ಟು, ವಾಕ್ಯವನ್ನು ಮನಸ್ಸಿನಲ್ಲಿ ಹೇಳಿಕೊಂಡು, ಮತ್ತೆ ಪೆನ್ನು ಎತ್ತಲು ಹೇಳಿ.