ಸ್ಥೂಲಕಾಯದವರಿಗೆ ಕೃತಕ ಹೃದಯ ಕವಾಟ: ಆಯ್ಕೆ ಹೇಗೆ?

ಮಹಾಪಧಮನಿಯ ಕವಾಟ (ಹೃದಯದಿಂದ ದೇಹಕ್ಕೆ ರಕ್ತ ಹೊರಡುವ ಬಾಗಿಲು, ಅಂದರೆ ವಾಲ್ವ್) ಬದಲಿಸಬೇಕು ಎಂದು ವೈದ್ಯರು ಹೇಳಿದ ಕೂಡಲೇ ಮನೆಯವರು ಕೇಳುವುದು ಎರಡೇ ಪ್ರಶ್ನೆ: ಯಾವ ಕಂಪನಿಯದು, ಎಷ್ಟು ಬೆಲೆ? ರೋಗಿ ದಪ್ಪವಿದ್ದರೆ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಯಾರ ಬಾಯಲ್ಲೂ ಬರುವುದಿಲ್ಲ: ಆ ವಾಲ್ವ್ ಎಷ್ಟು ಅಗಲ ತೆರೆಯುತ್ತದೆ?

ಮೊದಲು ಎತ್ತರ, ತೂಕವನ್ನು ಆಸ್ಪತ್ರೆಯಲ್ಲೇ ಅಳೆಸಿ. ಕಾಲಿನಲ್ಲಿ ನೀರು ತುಂಬಿದ್ದರೆ ಬಾವು ಇಳಿದ ಮೇಲೆ ಮತ್ತೆ ತೂಗಿಸಿ.

ಎರಡನೆಯದು ಮೆಟಲ್ಲೋ (ಯಾಂತ್ರಿಕ ವಾಲ್ವ್) ಟಿಶ್ಯೂವೋ (ಪ್ರಾಣಿಯ ಅಂಗಾಂಶದಿಂದ ಮಾಡಿದ್ದು) ಎಂಬ ತೀರ್ಮಾನ. ಸಾಮಾನ್ಯವಾಗಿ 50 ವರ್ಷದೊಳಗಿನವರಿಗೆ ಮೆಟಲ್, 65 ದಾಟಿದವರಿಗೆ ಟಿಶ್ಯೂ. ಮೆಟಲ್ ಆದರೆ ಜೀವನವಿಡೀ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್‌ನಂಥ ಮಾತ್ರೆ ಮತ್ತು ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಎಂದು ನೋಡುವ ಐಎನ್‌ಆರ್ ಪರೀಕ್ಷೆ. ಭಾರ ಹೆಚ್ಚಿದ್ದವರಿಗೆ ಮಾತ್ರೆಯ ಪ್ರಮಾಣವೂ ಹೆಚ್ಚು ಬೇಕಾಗಬಹುದು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ರೂಪಿಸಿದ ವಾಲ್ವ್ 1990ರಿಂದ ಬಳಕೆಯಲ್ಲಿದೆ. ಅಗ್ಗವೆಂಬ ಕಾರಣಕ್ಕೆ ಅದನ್ನು ತಳ್ಳಿಹಾಕಬೇಡಿ.

ಎಲ್ಲರೂ ಎಡವುವುದು ಅಳತೆಯಲ್ಲಿ. ಪೆಟ್ಟಿಗೆಯ ಮೇಲಿರುವ 19, 21, 23 ಎಂಬ ಸಂಖ್ಯೆ ರಕ್ತ ಹರಿಯುವ ದಾರಿಯ ಅಗಲವಲ್ಲ. ಒಂದು ಕಂಪನಿಯ 21 ಇನ್ನೊಂದರ 21ಕ್ಕಿಂತ ಕಡಿಮೆ ತೆರೆಯಬಹುದು. ಆ ಮಾದರಿಯ ಆ ಅಳತೆ ಎಷ್ಟು ಚದರ ಸೆಂಟಿಮೀಟರ್ ತೆರೆಯುತ್ತದೆ ಎಂದು ಶಸ್ತ್ರಚಿಕಿತ್ಸಕರನ್ನು ಕೇಳಿ, ಅದನ್ನು ದೇಹದ ಮೇಲ್ಮೈ ವಿಸ್ತೀರ್ಣದಿಂದ ಭಾಗಿಸಿ. ವಿಸ್ತೀರ್ಣಕ್ಕೆ ಸೆಂಟಿಮೀಟರಿನ ಎತ್ತರವನ್ನು ಕಿಲೋ ತೂಕದಿಂದ ಗುಣಿಸಿ, 3600ರಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. 160 ಸೆಂ.ಮೀ. ಎತ್ತರ, 100 ಕಿಲೋ ಇದ್ದವರಿಗೆ ಸುಮಾರು 2.1 ಚದರ ಮೀಟರ್. 1.4 ಚದರ ಸೆಂ.ಮೀ. ತೆರೆಯುವ ವಾಲ್ವ್ ಇವರಿಗೆ ಕೊಡುವುದು ದೇಹದ ಪ್ರತಿ ಚದರ ಮೀಟರಿಗೆ 0.67 ಚದರ ಸೆಂ.ಮೀ., ಅದೇ ಎತ್ತರದ 60 ಕಿಲೋದವರಿಗೆ 0.86.

ಈ ಅಂಕಿ 0.85ಕ್ಕಿಂತ ಮೇಲಿದ್ದರೆ ಚಿಂತೆಯಿಲ್ಲ, 0.65ಕ್ಕೆ ಇಳಿದರೆ ದೇಹಕ್ಕೂ ವಾಲ್ವ್‌ಗೂ ಹೊಂದಿಕೆಯ ತೀವ್ರ ಕೊರತೆ. ಈ ತೊಂದರೆಯನ್ನು ಹೃದ್ರೋಗ ತಜ್ಞ ರಹಿಮ್ತೂಲಾ 1978ರಲ್ಲೇ ವಿವರಿಸಿದ್ದರು. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) 30 ಮುಟ್ಟಿದವರಿಗೆ ಈ ಗೆರೆಗಳು 0.70 ಮತ್ತು 0.55, ಏಕೆಂದರೆ ಕೊಬ್ಬು ಸ್ನಾಯುವಿನಷ್ಟು ರಕ್ತ ಬೇಡುವುದಿಲ್ಲ. ಈ ರಿಯಾಯಿತಿಯನ್ನು ಚಿಕ್ಕ ವಾಲ್ವ್‌ಗೆ ಪರವಾನಗಿ ಎಂದು ತಿಳಿಯಬಾರದು. 0.70 ಸಿಗುವವರೆಗೂ ನಾನು ಒಪ್ಪಲಾರೆ. ಚಿಕ್ಕ ಟಿಶ್ಯೂ ವಾಲ್ವ್ ಸವೆದಾಗ ಅದರೊಳಗೆ ಇನ್ನೊಂದನ್ನು ಕೂರಿಸಲು ಸಾಕಷ್ಟು ಜಾಗವೂ ಉಳಿಯದಿರಬಹುದು.

ವಾಲ್ವ್ ಕೂರಿಸುವ ಹೃದಯದ ಉಂಗುರವೇ ಚಿಕ್ಕದಿದ್ದರೆ? ಮಹಾಪಧಮನಿಯ ಬುಡವನ್ನು ತೇಪೆ ಹಾಕಿ ಅಗಲಿಸಬಹುದು. ಸಮಯ ಹಿಡಿಯುತ್ತದೆ, ಪಳಗಿದ ಕೈ ಬೇಕು. ನಿಮ್ಮ ಶಸ್ತ್ರಚಿಕಿತ್ಸಕರು ಇದನ್ನು ಮಾಡುತ್ತಾರೆಯೇ ಎಂದು ದಾಖಲಾಗುವ ಮುನ್ನವೇ ಕೇಳಿ.

ತೂಕ ಇಳಿಸಿಕೊಂಡು ಬರುತ್ತೇನೆಂದು ಆಪರೇಷನ್ ಮುಂದೂಡುವವರಿದ್ದಾರೆ. ಕವಾಟ ತೀವ್ರವಾಗಿ ಕಿರಿದಾಗಿ ಉಸಿರು ಕಟ್ಟುತ್ತಿರುವಾಗ ಅದು ಪ್ರಾಣಕ್ಕೇ ಅಪಾಯ. ಕೊಬ್ಬು ಕರಗಿಸುವ ಗಿಡಮೂಲಿಕೆ ಪುಡಿಗಳನ್ನಂತೂ ಮನೆಯೊಳಗೇ ತರಬೇಡಿ. ಅವು ವಾರ್ಫರಿನ್ ಲೆಕ್ಕವನ್ನು ಕೆಡಿಸಬಲ್ಲವು.

ಆಪರೇಷನ್ ಆಗಿ ಮೂರು ತಿಂಗಳೊಳಗೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ. ದಪ್ಪ ಎದೆಯಲ್ಲಿ ಚಿತ್ರ ಮಸುಕಾಗುವುದರಿಂದ ಅನುಭವಿಗಳಿಂದಲೇ ಮಾಡಿಸಿ. ಮುಂದೆಂದಾದರೂ ವಾಲ್ವ್‌ನ ಒತ್ತಡ ಏರಿದರೆ ಹೋಲಿಸಲು ಆ ವರದಿಯನ್ನು ವಾಲ್ವ್ ಕಾರ್ಡಿನ (ಹಾಕಿದ ವಾಲ್ವ್‌ನ ವಿವರವಿರುವ ಚೀಟಿ) ಜೊತೆಗೇ ಇಡಿ.